ಉಕ್ಕಿನ ಚೌಕಟ್ಟು: ಮಮತೆ ಮತ್ತು ಅಳತೆ



ಉಕ್ಕಿನ ಸೈಕಲ್ಲನ್ನು ಕುರಿತು ಎರಡು ಬಗೆಯ ಮಾತುಗಳು ಬಳಕೆಯಲ್ಲಿವೆ. ಉಕ್ಕಿನ ಕಾಲ ಮುಗಿಯಿತು, ಈಗೇನಿದ್ದರೂ ಅಲ್ಯೂಮಿನಿಯಂ ಮತ್ತು ಕಾರ್ಬನ್‌ಗಳ ಕಾಲ ಎಂಬುದು ಒಂದು. ಉಕ್ಕಿಗೆ ಜೀವವಿದೆ, ಹಳೆಯ ಉಕ್ಕಿನ ಸೈಕಲ್ಲು ನೀಡುವ ಹಿತ ಬೇರೆಲ್ಲಿಯೂ ದೊರೆಯದು ಎಂಬುದು ಇನ್ನೊಂದು. ಈ ಎರಡೂ ಅರ್ಧಸತ್ಯಗಳೆಂಬುದು ನನ್ನ ಅಭಿಪ್ರಾಯ. ನಾನು ಸೈಕಲ್ ತಜ್ಞನಲ್ಲ. ಪ್ರೌಢಶಾಲೆಯಲ್ಲಿ ಭೌತಶಾಸ್ತ್ರವನ್ನೂ ಗಣಿತವನ್ನೂ ಬೋಧಿಸಿದವನು. ಆದರೆ ಈ ಪ್ರಶ್ನೆಗೆ ಹತ್ತನೆಯ ತರಗತಿಯ ಭೌತಶಾಸ್ತ್ರ ಮತ್ತು ಒಂದು ಅಳತೆಪಟ್ಟಿ ಬಹುಮಟ್ಟಿಗೆ ಸಾಕು.

ಈ ಲೇಖನಕ್ಕೆ ಕಾರಣನಾದವನು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿ. ವಯಸ್ಸು ಐವತ್ತರ ಹತ್ತಿರ. ಇಪ್ಪತ್ತೈದು ವರ್ಷ ಗಣಕಯಂತ್ರದ ಮುಂದೆ ಕುಳಿತು ಕುತ್ತಿಗೆ ಹಿಡಿದುಕೊಂಡಿದೆ. ವೈದ್ಯರು ವ್ಯಾಯಾಮ ಬೇಕೆಂದಿದ್ದಾರೆ. ಮುಂಭಾಗದಲ್ಲಿ ಆಘಾತ ಹೀರುವ ಸ್ಪ್ರಿಂಗಿನ ಕವೆಯಿಲ್ಲದ, ಅಂದರೆ 'ರಿಜಿಡ್' ಬಗೆಯ ಮೌಂಟನ್ ಬೈಕೊಂದನ್ನು ಬಿಡಿಭಾಗಗಳಿಂದ ತಾನೇ ಜೋಡಿಸಿಕೊಳ್ಳಬೇಕೆಂಬ ಆಸೆ ಅವನದು. ಸ್ಪ್ರಿಂಗು ಇಲ್ಲದಿದ್ದರೆ ಕೆಡುವುದೂ ಕಡಿಮೆ, ನಿರ್ವಹಣೆಯೂ ಕಡಿಮೆ ಎಂಬ ಅವನ ತರ್ಕ ಸರಿಯಾದುದೇ. ಆದರೆ ಅಗ್ಗದಲ್ಲಿ ಸಿಗುವ 1990ರ ದಶಕದ ಉಕ್ಕಿನ ಚೌಕಟ್ಟು ಕೊಳ್ಳಲೋ, ಇಂದಿನ ಉಕ್ಕಿನ ಚೌಕಟ್ಟು ಕೊಳ್ಳಲೋ ಎಂಬಲ್ಲಿ ಅವನು ನಿಂತಿದ್ದಾನೆ. ಮನಸ್ಸು ಹಳೆಯದರ ಕಡೆಗೇ ಇದೆ. ನನ್ನ ಉತ್ತರ ಹೊಸದರ ಕಡೆಗೆ.

ಅವನ ಮಮತೆಗೆ ಕಾರಣವಿಲ್ಲದಿಲ್ಲ. ಅವನಿರುವ ಸೀಮೆಯೇ ಈ ಸೈಕಲ್ಲಿನ ತವರು. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕಿರುವ ಮರಿನ್ ಕೌಂಟಿಯಲ್ಲಿ, ಟಮಾಲ್ಪೈಸ್ ಪರ್ವತದ ಆಸುಪಾಸಿನ ಮಣ್ಣು ದಾರಿಗಳಲ್ಲಿ ಕೆಲವು ಯುವಕರು ಹಳೆಯ ಭಾರದ ಸೈಕಲ್ಲುಗಳನ್ನು ಇಳಿಜಾರಿಗೆ ಹರಿಯಬಿಡುತ್ತಿದ್ದರು. 1976ರಲ್ಲಿ ಅಲ್ಲಿ 'ರೀಪ್ಯಾಕ್' ಎಂಬ ಪಂದ್ಯ ಆರಂಭವಾಯಿತು. ಇಳಿಯುವಾಗ ಹಿಂಚಕ್ರದ ಬ್ರೇಕು ಕಾದು, ಅದರೊಳಗಿನ ಗ್ರೀಸು ಸುಟ್ಟು ಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಹೆಸರು ಬಂದದ್ದು ಹಾಗೆ. 1977ರಲ್ಲಿ ಜೋ ಬ್ರೀಜ್ ಎಂಬಾತ ಇಂತಹ ದಾರಿಗಳಿಗೆಂದೇ ಕ್ರೋಮೋಲಿ ಉಕ್ಕಿನ ಹೊಸ ಚೌಕಟ್ಟನ್ನು ಕಟ್ಟಿದ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಈ ಬಗೆಯ ಸೈಕಲ್ಲನ್ನು ಅಂಗಡಿಗಳಿಗೆ ತಂದಿತು. ರಾಕ್‌ಶಾಕ್ಸ್‌ನ ಸ್ಪ್ರಿಂಗ್ ಕವೆ ಬಂದದ್ದು 1989ರಲ್ಲಿ. ಅಲ್ಲಿಯವರೆಗೆ ಮೌಂಟನ್ ಬೈಕೆಂದರೆ ಬಹುಮಟ್ಟಿಗೆ ರಿಜಿಡ್ಡೇ, ಉಕ್ಕಿನದೇ. ಈ ಪರಂಪರೆಯನ್ನು ಗೌರವಿಸೋಣ. ಆದರೆ ಗೌರವ ಬೇರೆ, ಕುತ್ತಿಗೆನೋವಿನವನು ದಿನವೂ ಏರಬೇಕಾದ ವಾಹನ ಬೇರೆ.

ಮೊದಲು ಲೋಹದ ವಿಚಾರ. ಒಂದು ವಸ್ತು ಎಷ್ಟು ಬಾಗುತ್ತದೆಂಬುದನ್ನು ಅದರ ಸ್ಥಿತಿಸ್ಥಾಪಕತ್ವದ ಗುಣಾಂಕ ತಿಳಿಸುತ್ತದೆ. ನಿಮಗೆಲ್ಲ ಪಾಠ ಮಾಡಿದ್ದೇನೆ. ಉಕ್ಕಿಗೆ ಅದು ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಮ್ಮಿಗೆ ಸುಮಾರು 70. ಅಗ್ಗದ ಉಕ್ಕಾಗಲಿ, ದುಬಾರಿ ಮಿಶ್ರಲೋಹದ ಉಕ್ಕಾಗಲಿ ಈ ಸಂಖ್ಯೆ ಹೆಚ್ಚು ಕಡಿಮೆ ಒಂದೇ. ಬದಲಾಗುವುದು ಬಲ, ಎಂದರೆ ಮುರಿಯುವ ಅಥವಾ ಶಾಶ್ವತವಾಗಿ ಬಾಗುವ ಮುನ್ನ ತಡೆದುಕೊಳ್ಳುವ ಶಕ್ತಿ. ಬಲ ಹೆಚ್ಚಿದ್ದರೆ ಕೊಳವೆಯ ಗೋಡೆಯನ್ನು ತೆಳುವಾಗಿಸಬಹುದು, ಭಾರ ಇಳಿಸಬಹುದು. ಬೆಸುಗೆಯ ತುದಿಗಳಲ್ಲಿ ದಪ್ಪ, ನಡುವೆ ತೆಳು ಇರುವ ಕೊಳವೆಗೆ ಇಂಗ್ಲೆಂಡಿನ ಆಲ್ಫ್ರೆಡ್ ರೆನಾಲ್ಡ್ಸ್ 1897ರಷ್ಟು ಹಿಂದೆಯೇ ಪೇಟೆಂಟ್ ಪಡೆದಿದ್ದ. ಅದೇ ಮನೆತನದ ಹೆಸರಿನ 853 ಎಂಬ ಉಕ್ಕು ಬೆಸುಗೆಯ ನಂತರ ಗಾಳಿಯಲ್ಲಿ ಆರುವಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಇವೆಲ್ಲ ನಿಜವಾದ ಗುಣಗಳು. ಆದರೆ 'ದುಬಾರಿ ಉಕ್ಕು ಹೆಚ್ಚು ಮೆತ್ತಗೆ' ಎಂಬ ಮಾತಿಗೆ ಲೋಹದ ಗುಣದಲ್ಲಿ ಆಧಾರವಿಲ್ಲ.

ಹಾಗಾದರೆ ಹಿತ ಎಲ್ಲಿಂದ ಬರುತ್ತದೆ? ಸೈಕಲ್ಲಿನ ಚೌಕಟ್ಟು ತ್ರಿಭುಜಗಳಿಂದಾದುದು. ಆಕೃತಿಗಳಲ್ಲೆಲ್ಲ ತ್ರಿಭುಜವೇ ಅಲುಗದ್ದು. ಕೆಳಗಿನಿಂದ ಬರುವ ಪೆಟ್ಟಿಗೆ ಅದು ಬಾಗುವುದು ಅತ್ಯಲ್ಪ. ಅದೇ ಪೆಟ್ಟಿಗೆ ಕಡಿಮೆ ಗಾಳಿಯ ದಪ್ಪ ಟೈರು ಬೆರಳಗಲ ತಗ್ಗೀತು. ಆದ್ದರಿಂದ ಸ್ಪ್ರಿಂಗಿಲ್ಲದ ಸೈಕಲ್ಲಿನಲ್ಲಿ ಮುಖ್ಯವಾದ ಸ್ಪ್ರಿಂಗು ಟೈರಿನೊಳಗಿನ ಗಾಳಿಯೇ. 1990ರ ದಶಕದ ಬಹುತೇಕ ಚೌಕಟ್ಟುಗಳು 26 ಇಂಚಿನ ಚಕ್ರಕ್ಕೆ, ಸುಮಾರು 2 ಇಂಚಿನ ಟೈರಿಗೆ ಮಾಡಿದವು. ಇಂದಿನ ಉಕ್ಕಿನ ಚೌಕಟ್ಟುಗಳಲ್ಲಿ 29 ಇಂಚಿನ ಚಕ್ರ, 2.4ರಿಂದ 2.6 ಇಂಚಿನ ಟೈರು ಸಲೀಸಾಗಿ ಹಿಡಿಯುತ್ತವೆ. ದೊಡ್ಡ ಚಕ್ರ ಕಲ್ಲನ್ನು ಸುಲಭವಾಗಿ ಏರುತ್ತದೆ. ದಪ್ಪ ಟೈರು ಪೆಟ್ಟನ್ನು ನುಂಗುತ್ತದೆ. ಹಿತವನ್ನು ಅರಸಿ ಹಳೆಯ ಉಕ್ಕಿಗೆ ಹೋದವನು ಹಿತ ಕೊಡುವ ಟೈರನ್ನೇ ಕಳೆದುಕೊಳ್ಳುತ್ತಾನೆ. ಇದೇ ನನ್ನ ವಾದದ ತಿರುಳು.

ಎರಡನೆಯದು ದೇಹದ ಅಳತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ತಲೆಕೆಳಗಾಗಬೇಕು. ಕಾಲಿನ ಅಳತೆಗೆ ಹಾಸಿಗೆ ಕೊಳ್ಳಬೇಕು. ಪೆಡಲ್ ತಿರುಗುವ ಕೇಂದ್ರದಿಂದ ಚೌಕಟ್ಟಿನ ಮುಂಗೊಳವೆಯ ನೆತ್ತಿಗೆ ಇರುವ ಲಂಬ ಎತ್ತರವನ್ನು 'ಸ್ಟ್ಯಾಕ್' ಎಂದೂ ಅಡ್ಡ ದೂರವನ್ನು 'ರೀಚ್' ಎಂದೂ ಕರೆಯುತ್ತಾರೆ. ಹಳೆಯ ವಿನ್ಯಾಸದಲ್ಲಿ ಹಿಡಿಕೆ ತಗ್ಗು. ಅದನ್ನು ಹಿಡಿಯುವ ಕಾಂಡ 120 ಮಿಲಿಮೀಟರಿನಷ್ಟು ಉದ್ದವಿರುವುದೂ ಉಂಟು. ಸವಾರ ಮುಂದಕ್ಕೆ ಬಾಗಿ, ತಲೆ ಮಾತ್ರ ಎತ್ತಿ ದಾರಿ ನೋಡಬೇಕು. ಭಾರವೆಲ್ಲ ಅಂಗೈಗೆ, ಕುತ್ತಿಗೆಗೆ. ಇಂದಿನ ವಿನ್ಯಾಸದಲ್ಲಿ ರೀಚ್ ಹೆಚ್ಚು, ಕಾಂಡ 35ರಿಂದ 50 ಮಿಲಿಮೀಟರ್, ಹಿಡಿಕೆ ಎತ್ತರ ಮತ್ತು ಅಗಲ. ಮುಂಗೊಳವೆಯ ಕೋನವೂ 71 ಡಿಗ್ರಿಯ ಸುಮಾರಿನಿಂದ 66-68ಕ್ಕೆ ವಾಲಿದೆ. ಇಳಿಜಾರಿನಲ್ಲಿ ಚಕ್ರ ಮುಗ್ಗರಿಸುವ ಭಯ ಇದರಿಂದ ತಗ್ಗುತ್ತದೆ.

ಮೂರನೆಯದನ್ನು ಜೋಡಿಸುವವರು ಹೆಚ್ಚಾಗಿ ಮರೆಯುತ್ತಾರೆ. ಇಂದಿನ ಅನೇಕ ಚೌಕಟ್ಟುಗಳು ಸ್ಪ್ರಿಂಗ್ ಕವೆಯನ್ನು ಮನಸ್ಸಿನಲ್ಲಿಟ್ಟು ರಚಿತವಾದವು. 120 ಮಿಲಿಮೀಟರ್ ಚಲನೆಯ ಕವೆ ಅಚ್ಚಿನಿಂದ ನೆತ್ತಿಗೆ ಸುಮಾರು 530 ಮಿಲಿಮೀಟರ್ ಉದ್ದ. ಸವಾರ ಕುಳಿತಾಗ ಅದು 500ರ ಸುಮಾರಿಗೆ ತಗ್ಗುತ್ತದೆ. ರಿಜಿಡ್ ಕವೆ ತಗ್ಗುವುದಿಲ್ಲ. ಆದ್ದರಿಂದ ಅಂಥ ಚೌಕಟ್ಟಿಗೆ 490-500 ಮಿಲಿಮೀಟರ್ ಕವೆ ಹೊಂದುತ್ತದೆ. ಅದರ ಬದಲು 470ರದನ್ನು ಹಾಕಿದರೆ? ಎರಡು ಅಚ್ಚುಗಳ ನಡುವಿನ ದೂರ 1150 ಎಂದಿಟ್ಟುಕೊಂಡು ಲೆಕ್ಕ ಮಾಡಿ: 30ನ್ನು 1150ರಿಂದ ಭಾಗಿಸಿದರೆ ಕೋನ ಸುಮಾರು ಒಂದೂವರೆ ಡಿಗ್ರಿ ಬದಲಾಗುತ್ತದೆ. ಪೆಡಲ್ ಸುಮಾರು ಒಂದು ಸೆಂಟಿಮೀಟರ್ ತಗ್ಗಿ ಕಲ್ಲಿಗೆ ತಾಗುತ್ತದೆ. ಚೌಕಟ್ಟನ್ನೂ ಕವೆಯನ್ನೂ ಒಟ್ಟಿಗೇ ಆರಿಸಬೇಕೆಂಬುದು ಇದಕ್ಕಾಗಿ. ಅಮೆರಿಕದ ಮಿನೆಸೋಟದ ಸರ್ಲಿ ಕಂಪನಿ 2002ರಲ್ಲಿ ತಂದ ಕರಾಟೆ ಮಂಕಿಯಂತೆ, ರಿಜಿಡ್ ಕವೆಯೊಂದಿಗೇ ರೂಪುಗೊಂಡ ಉಕ್ಕಿನ ಮಾದರಿಗಳು ದೊರೆತರೆ ಈ ತೊಡಕೇ ಇರುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಉಕ್ಕೇ ಏಕೆ, ಅಲ್ಯೂಮಿನಿಯಂ ಏಕಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಚೌಕಟ್ಟಿನಲ್ಲಿ ಸುಮಾರು ಒಂದು ಕಿಲೋಗ್ರಾಂ ಭಾರ ಹೆಚ್ಚುವುದು ನಿಜ. ಸವಾರ, ಸೈಕಲ್ಲು ಸೇರಿ 85 ಕಿಲೋಗ್ರಾಂ ಎಂದರೆ ಒಂದು ಗಂಟೆಯ ಏರಿಕೆಯಲ್ಲಿ ಹೆಚ್ಚೆಂದರೆ 42 ಸೆಕೆಂಡು ತಡ. ಪಂದ್ಯಕ್ಕೆ ಹೋಗುವವನಿಗೆ ಅದು ದೊಡ್ಡದು, ನನ್ನ ಶಿಷ್ಯನಿಗಲ್ಲ. ಪ್ರತಿಯಾಗಿ ದೊರೆಯುವುದು ಬಾಳಿಕೆ. ಉಕ್ಕು ಒಂದು ಮಿತಿಯೊಳಗಿನ ಒತ್ತಡವನ್ನು ಎಷ್ಟು ಸಲವಾದರೂ ತಾಳಬಲ್ಲದು. ಅಲ್ಯೂಮಿನಿಯಮ್ಮಿಗೆ ಅಂತಹ ಸ್ಪಷ್ಟ ಮಿತಿಯಿಲ್ಲ. ಸಾಮಾನ್ಯ 4130 ಕ್ರೋಮೋಲಿಯ ಬಿರುಕನ್ನು ನುರಿತ ಬೆಸುಗೆಗಾರ ಸರಿಪಡಿಸಬಲ್ಲ. ಅತಿ ತೆಳು ಗೋಡೆಯ ದುಬಾರಿ ಕೊಳವೆಗೆ ಆಸೆಪಡುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಅದು ಬೇಗ ತಗ್ಗು ಬೀಳುತ್ತದೆ. ಉಕ್ಕಿನ ಶತ್ರು ತುಕ್ಕು. ಒಳಭಾಗಕ್ಕೆ ತುಕ್ಕುನಿರೋಧಕ ಎಣ್ಣೆ ಹಾಯಿಸಿ, ಆಸನದ ಕಂಬಕ್ಕೆ ಆಗಾಗ ಗ್ರೀಸು ಹಚ್ಚಿದರೆ ಅದನ್ನು ದೂರವಿಡಬಹುದು.

ಬಿಡಿಭಾಗಗಳ ಲಭ್ಯತೆಯನ್ನೂ ನೋಡಬೇಕು. ಡಿಸ್ಕ್ ಬ್ರೇಕಿನ ನೆಲೆ, ತಿರುಪಿನ ಬಾಟಮ್ ಬ್ರಾಕೆಟ್, ಹಿಂದೆ 148 ಮಿಲಿಮೀಟರ್ ಅಗಲದ ಅಚ್ಚು ಇವು ಇರಲಿ. ಸ್ರ್ಯಾಮ್ ಕಂಪನಿ 2019ರಲ್ಲಿ ತಂದ ಏಕರೂಪದ ಡಿರೈಲರ್ ಹ್ಯಾಂಗರ್ ಇದ್ದರೆ ಇನ್ನೂ ಒಳ್ಳೆಯದು; ಅನೇಕ ತಯಾರಕರು ಅದನ್ನೇ ಬಳಸುವುದರಿಂದ, ಮುರಿದ ಒಂದು ಚೂರಿಗಾಗಿ ಊರೂರು ಅಲೆಯಬೇಕಿಲ್ಲ.

ಹಾಗಾಗಿ ನನ್ನ ಶಿಷ್ಯನಿಗೆ ಹೇಳಿದ ಕ್ರಮ ಇದು: ಮೊದಲು ನಿನ್ನ ದೇಹಕ್ಕೆ ಬೇಕಾದ ಸ್ಟ್ಯಾಕ್ ಮತ್ತು ರೀಚ್, ಅನಂತರ ಟೈರಿಗೆ ಜಾಗ, ಅನಂತರ ಕವೆಯ ಉದ್ದ, ಆಮೇಲೆ ಬಿಡಿಭಾಗಗಳು. ಉಕ್ಕಿನ ಹೆಸರು, ಬಣ್ಣ, ಕೀರ್ತಿ ಕೊನೆಗೆ. ಹಳೆಯ ಚೌಕಟ್ಟನ್ನು ಪ್ರೀತಿಯಿದ್ದರೆ ಗೋಡೆಗೆ ತೂಗುಹಾಕಬಹುದು. ಅದರಿಂದ ಯಾರ ಕುತ್ತಿಗೆಯೂ ನೋಯುವುದಿಲ್ಲ. ಐವತ್ತರಲ್ಲಿ ಕೊಂಡ ಸೈಕಲ್ಲು ಎಪ್ಪತ್ತರಲ್ಲೂ ಏರುವಂತಿರಬೇಕು. ಹಿತವಾಗಿ ಕುಳಿತವನು ನಾಳೆಯೂ ಹೊರಡುತ್ತಾನೆ. ನೋವಿನಿಂದ ಇಳಿದವನ ಸೈಕಲ್ಲು ಒಂದು ತಿಂಗಳಲ್ಲಿ ಬಟ್ಟೆ ಒಣಗಿಸುವ ಕಂಬವಾಗುತ್ತದೆ.