ಎತ್ತಿಗೂ ನಿದ್ದೆ ಬೇಕು



ಕಬ್ಬಿನ ಹಂಗಾಮು ಬಂತೆಂದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ರಸ್ತೆಗಳಲ್ಲಿ ಸರಿರಾತ್ರಿಯಲ್ಲೂ ಎತ್ತುಗಳ ಕೊರಳಗಂಟೆ ಕೇಳುತ್ತದೆ. ಟ್ರ್ಯಾಕ್ಟರುಗಳು ಎಷ್ಟು ಬಂದರೂ ಎತ್ತಿನ ಗಾಡಿ ಇನ್ನೂ ಪೂರಾ ಹೋಗಿಲ್ಲ. ಕಾರ್ಖಾನೆಯ ಮುಂದೆ ಪಾಳಿಗಾಗಿ ಗಾಡಿಗಳು ಸಾಲುಗಟ್ಟಿದಾಗ, ನೊಗ ಹೊತ್ತ ಎತ್ತುಗಳು ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತ ನಿಂತಿರುತ್ತವೆ. "ದನಕ್ಕೇನು, ನಿಂತಲ್ಲೇ ನಿದ್ದಿ ಮಾಡ್ತಾವ" ಎಂದು ನಾವು ಮುಂದೆ ಹೋಗುತ್ತೇವೆ. ಆ ಮಾತು ಅರ್ಧ ಮಾತ್ರ ನಿಜ.

ದನ ನಿಂತು ತೂಕಡಿಸಬಲ್ಲದು, ಆದರೆ ಗಾಢವಾಗಿ ಮಲಗಲಾರದು. ಬೆಳೆದ ಆಕಳು ದಿನಕ್ಕೆ ಸುಮಾರು 4 ಗಂಟೆ ನಿದ್ದೆ ಮಾಡುತ್ತದೆ. ಇದಲ್ಲದೆ ಹಲವು ಗಂಟೆ ಮೆಲುಕು ಹಾಕುತ್ತ ತೂಕಡಿಸುತ್ತದೆ. ನಿದ್ದೆಯಲ್ಲೂ ಒಂದು ಘಟ್ಟವಿದೆ: ಆಗ ರೆಪ್ಪೆಯೊಳಗೆ ಕಣ್ಣುಗುಡ್ಡೆ ಚಲಿಸುತ್ತದೆ, ಕತ್ತಿನ ಸ್ನಾಯುಗಳು ಸಡಿಲಾಗುತ್ತವೆ, ಮೆಲುಕು ನಿಲ್ಲುತ್ತದೆ. ತಲೆಯನ್ನು ಪಕ್ಕೆಯ ಮೇಲೋ ನೆಲದ ಮೇಲೋ ಊರಿದರೆ ಮಾತ್ರ ಈ ನಿದ್ದೆ ಸಾಧ್ಯ. ಅದೂ ಒಂದೊಂದು ಸಲ ಕೆಲವೇ ನಿಮಿಷ. ನೊಗ ಹೊತ್ತ ಎತ್ತಿಗೆ, ಗಿಡ್ಡ ಹಗ್ಗದಲ್ಲಿ ಕಟ್ಟಿದ ಎಮ್ಮೆಗೆ ಇದು ಸಿಗುವುದಿಲ್ಲ. ಕುದುರೆಯ ಕಾಲಿನ ಕೀಲುಗಳು ಬಿಗಿದುಕೊಂಡು ಅದು ನಿಂತೇ ವಿಶ್ರಮಿಸಬಲ್ಲದಾದರೂ ಈ ಗಾಢ ನಿದ್ದೆಗೆ ಅದೂ ನೆಲಕ್ಕೊರಗಲೇಬೇಕು.

ಆಕಳುಗಳನ್ನು ಬಹಳ ಹೊತ್ತು ಮಲಗಲು ಬಿಡದೆ, ಮೇವನ್ನೂ ಕೊಡದೆ ಇರಿಸಿ ಪರೀಕ್ಷಿಸಿದ್ದಾರೆ. ಬಿಟ್ಟ ಮೇಲೆ ಅವು ಮೇವಿನ ಕಡೆಗಲ್ಲ, ಮಲಗುವ ಜಾಗದ ಕಡೆಗೇ ಮೊದಲು ಹೋದವು. ಹಸಿವಿಗಿಂತ ದಣಿವು ದೊಡ್ಡದೆಂದು ಇದರಿಂದ ತಿಳಿಯುತ್ತದೆ. ಹಾಲಿನ ದನ ಮಲಗಿದಾಗ ಕೆಚ್ಚಲಿಗೆ ಹರಿಯುವ ರಕ್ತವೂ ಹೆಚ್ಚುತ್ತದೆ.

ಇನ್ನು ಬೆಳಕಿನ ಮಾತು. ಪ್ರಾಣಿಗಳ ಮೈಯಲ್ಲಿ ಹಗಲು ರಾತ್ರಿಗಳನ್ನು ಅಳೆಯುವ ಗಡಿಯಾರವಿದೆ. ಹಣ್ಣಿನ ನೊಣದಲ್ಲಿ ಅದರ ಕೆಲಸವನ್ನು ಬಿಡಿಸಿ ತೋರಿಸಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕತ್ತಲಾದಾಗ ಮಿದುಳಿನ ಒಂದು ಪುಟ್ಟ ಗ್ರಂಥಿ ಮೆಲಟೋನಿನ್ ಎಂಬ ರಸವನ್ನು ಬಿಡುತ್ತದೆ, ಬೆಳಕು ಬಿದ್ದರೆ ಅದು ತಗ್ಗುತ್ತದೆ. ಹಾಲು ಹೆಚ್ಚಲೆಂದು ಕೆಲವರು ಕೊಟ್ಟಿಗೆಯಲ್ಲಿ ರಾತ್ರಿಯಿಡೀ ದೀಪ ಉರಿಸುತ್ತಾರೆ. 16 ಗಂಟೆ ಬೆಳಕು, 8 ಗಂಟೆ ಕತ್ತಲೆ ಇದ್ದಾಗ ಹಾಲು ಹೆಚ್ಚಬಹುದು. 24 ಗಂಟೆ ಬೆಳಕಿಟ್ಟರೆ ಆ ಲಾಭವಿಲ್ಲ. ಮೊಟ್ಟೆ ಕೋಳಿಗೂ ಕತ್ತಲೆ ಬೇಕು.

ಇಚಲಕರಂಜಿಯ ಮಗ್ಗಗಳಲ್ಲಿ ರಾತ್ರಿಪಾಳಿ ಮಾಡಿದವರು ನಮ್ಮ ಮನೆಗಳಲ್ಲೂ ಇದ್ದಾರೆ. ಹಗಲೆಲ್ಲ ಮಲಗಿದರೂ ಮೈಭಾರ ಇಳಿಯದೆಂದು ಅವರು ಹೇಳುತ್ತಾರೆ. ಅವರಾದರೂ ಬಾಯಿಬಿಟ್ಟು ಹೇಳಬಲ್ಲರು. ಎತ್ತು ಹೇಳುವುದಿಲ್ಲ. ಮುಗ್ಗರಿಸುತ್ತದೆ, ಮೇವು ಬಿಡುತ್ತದೆ, ಹೆಗಲು ಹುಣ್ಣಾಗಿಸಿಕೊಳ್ಳುತ್ತದೆ. ಆಗ ನಾವು ಚಾಟಿ ಎತ್ತುತ್ತೇವೆ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. ಭಾರ ಎಳೆಯುವ ಪ್ರಾಣಿಗಳ ಕುರಿತ 1965ರ ಕೇಂದ್ರ ನಿಯಮಗಳಂತೆ ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಒಂದೇ ಸಮ 5 ಗಂಟೆಗಿಂತ ಹೆಚ್ಚು ದುಡಿಸಕೂಡದು. ಬಿಸಿಲು 37 ಡಿಗ್ರಿ ಮೀರಿದರೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಕೂಡದು.

ಗಾಡಿಯವರನ್ನೇ ದೂರುವುದು ನ್ಯಾಯವಲ್ಲ. ಬೀಡ ಕಡೆಯಿಂದ ಮಕ್ಕಳುಮರಿ ಕಟ್ಟಿಕೊಂಡು ಬರುವ ಆ ಬಡವರಿಗೂ ನಿದ್ದೆಯಿಲ್ಲ. ಪಾಳಿ ಹತ್ತಿರ ಬರುವವರೆಗೆ ಕೊರಳು ಬಿಚ್ಚಿ ಎತ್ತುಗಳನ್ನು ಮಲಗಿಸಲು ಒಣ ಜಾಗ, ನೀರು, ಪಾಳಿಯ ಚೀಟಿ ಕೊಡುವುದು ಕಾರ್ಖಾನೆಗಳ ಕರ್ತವ್ಯ. ಕಬ್ಬು ಹಾಕುವ ಸದಸ್ಯರು ನಾವೇ. ವಾರ್ಷಿಕ ಸಭೆಯಲ್ಲಿ ದರದ ಮಾತಿನ ಜೊತೆ ಈ ಮಾತನ್ನೂ ಎತ್ತೋಣ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು: ದನ ತಲೆಯನ್ನು ಪಕ್ಕೆಗೆ ಊರುವಷ್ಟು ಹಗ್ಗ ಉದ್ದ ಬಿಡಿ. ಕಬ್ಬಿನ ರವದಿಯನ್ನು ಸುಡದೆ ಸ್ವಲ್ಪ ಒಣಗಿಸಿಟ್ಟು ಹಾಸಿರಿ, ಒದ್ದೆಯಾದದ್ದನ್ನು ದಿನಾ ತೆಗೆಯಿರಿ. ರಾತ್ರಿ ಊಟವಾದ ಮೇಲೆ ಕೊಟ್ಟಿಗೆಯ ದೀಪ ಆರಿಸಿ. ರಾತ್ರಿ ದುಡಿದ ಎತ್ತನ್ನು ಬೆಳಗಾಗುತ್ತಲೇ ನೊಗಕ್ಕೆ ಕಟ್ಟಬೇಡಿ.

ಕಾರಹುಣ್ಣಿಮೆಯ ಬೆಂದೂರದ ದಿನ ನಮ್ಮ ಊರುಗಳಲ್ಲಿ ಎತ್ತಿನ ಕೊರಳಿಗೆ ನೊಗ ಕಟ್ಟುವುದಿಲ್ಲ. ವಿಮೋಚನಾಕಾಂಡದ 23ನೆಯ ಅಧ್ಯಾಯದಲ್ಲಿ ಏಳನೆಯ ದಿನದ ವಿಶ್ರಾಂತಿಯನ್ನು ಹೇಳುವಾಗ ಎತ್ತು ಕತ್ತೆಗಳ ಹೆಸರೂ ಬರುತ್ತದೆ. ವರ್ಷಕ್ಕೊಮ್ಮೆ ಕೋಡಿಗೆ ಬಣ್ಣ ಹಚ್ಚುವ ನಾವು, ದಿನವೂ ರಾತ್ರಿ ನಾಲ್ಕು ತಾಸು ಅದನ್ನು ಎಬ್ಬಿಸದೆ ಬಿಟ್ಟರೆ ಅದಕ್ಕೆ ಹೆಚ್ಚು ಉಪಕಾರವಾದೀತು.