ಪರಿಮಳ ಬೆಟ್ಟದ್ದು, ಹಕ್ಕು ಯಾರದ್ದು?



‘ರಾಗಿ ಬಿತ್ತಿದರೆ ಹಂದಿಯ ಪಾಲು, ಜೋಳ ಬಿತ್ತಿದರೆ ಆನೆಯ ಪಾಲು. ಪರಿಮಳದ ಬೆಳೆ ಬೆಳೆಯಿರಿ. ಯಾವ ಪ್ರಾಣಿಯೂ ಮುಟ್ಟುವುದಿಲ್ಲ, ತೈಲಕ್ಕೆ ಒಳ್ಳೆಯ ಬೆಲೆಯಿದೆ’ ಎಂಬ ಮಾತು ಇತ್ತೀಚೆಗೆ ನಮ್ಮ ಪೋಡುಗಳಲ್ಲಿಯೂ ತಪ್ಪಲಿನ ಹಳ್ಳಿಗಳಲ್ಲಿಯೂ ಕೇಳಿಬರುತ್ತಿದೆ. ರೋಸ್‌ಮೇರಿ, ಮಜ್ಜಿಗೆ ಹುಲ್ಲು, ಪಚೋಲಿ ಇವು ಆ ಮಾತಿನ ಜೊತೆಗೆ ಬರುವ ಹೆಸರುಗಳು. ಕೃಷಿ ವಿಜ್ಞಾನವನ್ನೇ ವೃತ್ತಿಯಾಗಿ ಮಾಡಿಕೊಂಡು ಈ ಬೆಟ್ಟದಲ್ಲೇ ನೆಲೆಸಿರುವ ನಾನು ಈ ವಿಷಯದಲ್ಲಿ ಸುಮ್ಮನಿರುವುದು ಸರಿಯಲ್ಲವೆಂದು ಭಾವಿಸಿ ಈ ಲೇಖನ ಬರೆಯುತ್ತಿದ್ದೇನೆ. ರೋಸ್‌ಮೇರಿಯನ್ನು ಬೆಳೆಯಬೇಡಿರೆಂದು ನಾನು ಹೇಳುವುದಿಲ್ಲ. ಬದುವಿನಲ್ಲಿ ಬೆಳೆಯಿರಿ, ರಾಗಿಯ ಹೊಲದಲ್ಲಿ ಬೇಡ ಎನ್ನುತ್ತೇನೆ. ಹೊರಗಿನಿಂದ ಬಂದ ಪರಿಮಳಕ್ಕೆ ಹೊಲ ಬಿಟ್ಟುಕೊಡುವ ಮೊದಲು, ಈ ಬೆಟ್ಟದ ಸ್ವಂತ ಪರಿಮಳವೊಂದು ನಮ್ಮ ಕಣ್ಣೆದುರೇ ಅಳಿಯುತ್ತಿರುವುದನ್ನು ನೋಡಿರಿ ಎನ್ನುತ್ತೇನೆ.

ಗಿಡದ ಗುಣ

ಮೊದಲು ಗಿಡಕ್ಕೆ ನ್ಯಾಯ ಸಲ್ಲಿಸೋಣ. ರೋಸ್‌ಮೇರಿ ಮೆಡಿಟರೇನಿಯನ್ ಸಮುದ್ರದ ಸುತ್ತಣ ಒಣ ಗುಡ್ಡಗಳ ಪೊದೆ. ತುಳಸಿ, ಪುದೀನ, ಮರುಗ, ದೊಡ್ಡಪತ್ರೆಗಳ ಕುಟುಂಬಕ್ಕೇ ಸೇರಿದ್ದು. ನಮ್ಮ ನೆರೆಯ ನೀಲಗಿರಿಯಲ್ಲಿ ಇದನ್ನು ಬೆಳೆಯುತ್ತಾರೆ. ಒಂದು ಗೇಣು ಉದ್ದದ ಕಡ್ಡಿಯನ್ನು ಕತ್ತರಿಸಿ, ಕೆಳಗಿನ ಎಲೆ ಸವರಿ, ಮರಳು ಬೆರೆಸಿದ ಮಣ್ಣಿನಲ್ಲಿ ಊರಿದರೆ ಬೇರು ಬಿಡುತ್ತದೆ. ನೀರು ನಿಲ್ಲುವ ನೆಲದಲ್ಲಿ ಮಾತ್ರ ಇದು ಕೊಳೆಯುತ್ತದೆ. ಮುಂಗಾರು ಹಿಂಗಾರು ಎರಡೂ ಸುರಿಯುವ ನಮ್ಮ ಬೆಟ್ಟದಲ್ಲಿ ಸಮತಟ್ಟಾದ ಗದ್ದೆ ಇದಕ್ಕೆ ಹಿಡಿಸದು. ಇಳಿಜಾರಿನ ಬದು, ಕಲ್ಲುಗೋಡೆಯ ಅಂಚು, ಮನೆಯಂಗಳದ ಎತ್ತರದ ಪಾತಿ ಹಿಡಿಸುತ್ತವೆ.

ಉಪಯೋಗಗಳು ಹಲವು. ನಾಲ್ಕು ಎಲೆ ಹಾಕಿದರೆ ಆಲೂಗಡ್ಡೆ ಪಲ್ಯಕ್ಕೂ ಹುರಿದ ಮಾಂಸಕ್ಕೂ ಹೊಸ ರುಚಿ ಬರುತ್ತದೆ. ಬಿಸಿನೀರಿಗೆ ಹಾಕಿ ಕಷಾಯದಂತೆ ಕುಡಿಯಬಹುದು. ಇದರ ಎಲೆಯಲ್ಲಿರುವ ಕಾರ್ನೋಸಿಕ್ ಆಮ್ಲವು ಎಣ್ಣೆ, ಕೊಬ್ಬುಗಳು ಕಮಟಾಗುವುದನ್ನು ತಡೆಯುತ್ತದೆ. ಆ ಗುಣಕ್ಕಾಗಿಯೇ ಯುರೋಪ್ ಒಕ್ಕೂಟವು 2010ರಲ್ಲಿ ರೋಸ್‌ಮೇರಿ ಸಾರವನ್ನು ಆಹಾರ ಕೆಡದಂತೆ ಕಾಯುವ ವಸ್ತುಗಳ ಪಟ್ಟಿಗೆ ಸೇರಿಸಿತು. ಇದರ ನಸುನೀಲಿ ಹೂವಿಗೆ ಜೇನು ಬರುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಎಲೆ ನೆನೆಸಿ ತಲೆಗೆ ಹಚ್ಚುವವರಿದ್ದಾರೆ. ಹಾಗೆ ನೆನೆಸುವ ಮುನ್ನ ಎಲೆಯನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಬೇಕು, ತೇವವಿದ್ದರೆ ಎಣ್ಣೆ ಕೆಡುತ್ತದೆ.

ಆದರೆ ಗುಣವನ್ನು ಹೇಳುವಾಗ ಮಿತಿಯನ್ನೂ ಹೇಳಬೇಕು. ಕೂದಲು ಬೆಳೆಸುವ ಅದರ ಖ್ಯಾತಿಗೆ ಮುಖ್ಯ ಆಧಾರವೆಂದು ತೋರಿಸುವುದು 2015ರಲ್ಲಿ ಇರಾನಿನಲ್ಲಿ 100 ಮಂದಿಯ ಮೇಲೆ 6 ತಿಂಗಳು ನಡೆದ ಒಂದು ಪರೀಕ್ಷೆಯನ್ನು. ಅಲ್ಲಿ ಇದರ ತೈಲವು ಶೇ. 2ರ ಮಿನಾಕ್ಸಿಡಿಲ್ ಔಷಧಕ್ಕೆ ಸರಿಸಮವಾಗಿ ಕಂಡಿತು. ಆದರೆ ಏನನ್ನೂ ಹಚ್ಚದವರ ಗುಂಪೊಂದನ್ನು ಹೋಲಿಕೆಗೆ ಇಟ್ಟಿರಲಿಲ್ಲ. ಇಷ್ಟರ ಮೇಲೆ ಪವಾಡದ ಮಾತಾಡುವುದು ವಿಜ್ಞಾನವಲ್ಲ. ಬಟ್ಟಿ ಇಳಿಸಿದ ತೈಲದಲ್ಲಿ ಕರ್ಪೂರದ ಅಂಶವಿರುತ್ತದೆ; ಅದನ್ನು ಕುಡಿಯಬಾರದು, ಎಳೆಯ ಮಕ್ಕಳಿಗೆ ಹಚ್ಚಬಾರದು, ಬಸುರಿಯರೂ ಮೂರ್ಛೆರೋಗವಿರುವವರೂ ದೂರವಿರಬೇಕು.

ಇನ್ನು ಈ ಉಪಯೋಗಗಳಲ್ಲಿ ನಮಗೆ ತೀರ ಹೊಸದು ಯಾವುದು? ಕೆಮ್ಮಿಗೆ ದೊಡ್ಡಪತ್ರೆ, ಜ್ವರಕ್ಕೆ ತುಳಸಿ, ಹೊಟ್ಟೆನೋವಿಗೆ ಬಜೆ, ದಾಹಕ್ಕೆ ಸೊಗದೆ ಬೇರು, ನೀರಿನ ಮಡಕೆಗೆ ಲಾವಂಚ, ಮುಡಿಗೆ ಮರುಗ, ದೇವರಿಗೆ ದವನ, ಒಗ್ಗರಣೆಗೆ ಕರಿಬೇವು. ಈ ಪಟ್ಟಿ ನಮ್ಮ ಅಜ್ಜಿಯರಿಗೆ ಬಾಯಿಪಾಠವಾಗಿತ್ತು. ಆ ಸಾಲಿಗೆ ರೋಸ್‌ಮೇರಿಯೂ ಒಂದು ಗಿಡವಾಗಿ ಬಂದು ಕೂರಲಿ. ಆದರೆ ಉಳಿದವರನ್ನು ಎಬ್ಬಿಸಿ ಕೂರುವುದು ಬೇಡ.

ತೈಲದ ಲೆಕ್ಕ

ಹೊಲವನ್ನೇ ಪರಿಮಳಕ್ಕೆ ಕೊಡಿರೆನ್ನುವವರು ಎಕರೆಯ ಲೆಕ್ಕವನ್ನು ಮುಂದಿಡುತ್ತಾರೆ. ನಾವು ವಿಜ್ಞಾನಿಗಳೇ ಅಂಥ ಲೆಕ್ಕವನ್ನು ಕಲಿಸಿದವರು, ಒಪ್ಪುತ್ತೇನೆ. ಆ ಲೆಕ್ಕದಲ್ಲಿ ಕಾಣದಿರುವುದನ್ನು ಇಲ್ಲಿ ಬರೆಯುತ್ತೇನೆ.

ನೂರು ಕಿಲೋ ಹಸಿ ಕುಡಿಯನ್ನು ಬಟ್ಟಿ ಇಳಿಸಿದರೆ ಸಿಗುವ ತೈಲ ಒಂದು ಕಿಲೋ ಆಸುಪಾಸು, ಹಲವು ಬಾರಿ ಅದಕ್ಕೂ ಕಡಿಮೆ. ಅದಕ್ಕೆ ಬೇಕಾದ ಹಬೆಯನ್ನು ಗಂಟೆಗಟ್ಟಲೆ ಎಬ್ಬಿಸಲು ಸೌದೆ ಬೇಕು, ಹಬೆಯನ್ನು ತಣಿಸಲು ನೀರು ಬೇಕು. ಕಾಡಿನ ನಡುವೆ ಸೌದೆ ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಬಟ್ಟಿಯಂತ್ರ ದೂರದ ಊರಿನಲ್ಲಿದ್ದರೆ ಸಾಗಣೆಯ ಖರ್ಚು ರೈತನ ತಲೆಯ ಮೇಲೆ. ತೈಲದ ದರ್ಜೆಯನ್ನು ಅಳೆಯುವ ಯಂತ್ರವಂತೂ ಕೊಳ್ಳುವವನ ಬಳಿಯೇ ಇರುತ್ತದೆ. ಅವನು ಕಡಿಮೆ ದರ್ಜೆ ಎಂದರೆ ಅದೇ ಕೊನೆಯ ಮಾತು. ಬೆಲೆ ಕುಸಿದ ವರ್ಷ ರಾಗಿಯನ್ನಾದರೆ ಮುದ್ದೆ ಮಾಡಿ ಉಣ್ಣಬಹುದು. ತೈಲವನ್ನು ಉಣ್ಣಲಾಗುವುದಿಲ್ಲ.

ವೆನಿಲಾದ ಕಥೆ ಮಲೆನಾಡಿನವರಿಗೆ ಇನ್ನೂ ನೆನಪಿದೆ. ಮಡಗಾಸ್ಕರ್ ದ್ವೀಪದ ಬೆಳೆ ಚಂಡಮಾರುತಕ್ಕೆ ಸಿಕ್ಕಿ 2003ರ ವೇಳೆಗೆ ಇಲ್ಲಿ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಸಿಗತೊಡಗಿತು. ಅಡಿಕೆ ತೋಟಗಳಲ್ಲೆಲ್ಲ ಬಳ್ಳಿ ಹಬ್ಬಿತು. ಎರಡೇ ವರ್ಷಗಳಲ್ಲಿ ಬೆಲೆ ನೆಲಕಚ್ಚಿತು. ಸಾವಿರಾರು ಮೈಲಿ ಆಚೆಯ ಗಾಳಿಮಳೆಯ ಮೇಲೆ ನಿಂತ ಬೆಲೆಗೆ ನಮ್ಮ ಮನೆಯ ಊಟವನ್ನು ಕಟ್ಟಿಹಾಕುವುದೆಂದರೆ ಇದೇ.

ನಾನೂ ಈ ತಪ್ಪು ಮಾಡಿದವನೇ. ಹದಿನೈದು ವರ್ಷಗಳ ಹಿಂದೆ ತಪ್ಪಲಿನ ಕೆಲವು ರೈತರಿಗೆ ಸುಗಂಧದ ಬೆಳೆಯೊಂದನ್ನು ಹಾಕಿಸಿದೆ. ಕೊಳ್ಳುತ್ತೇವೆಂದು ಸಹಿ ಮಾಡಿದ ಕಂಪನಿ ಮೊದಲ ಕೊಯ್ಲಿಗೆ ಬಂದಿತು, ಎರಡನೆಯದಕ್ಕೆ ಬರಲಿಲ್ಲ. ಆ ರೈತರಲ್ಲೊಬ್ಬರು ಒಣಗಿದ ರಾಶಿಗೆ ಬೆಂಕಿ ಹಚ್ಚಿ, ‘ಸ್ವಾಮಿ, ವಾಸನೆ ಚೆನ್ನಾಗಿದೆ’ ಎಂದರು. ಆ ಮಾತನ್ನು ನಾನು ಮರೆತಿಲ್ಲ.

ಆನೆಯ ಮಾತು ಉಳಿಯಿತು. ಈ ಗಿಡಗಳನ್ನು ಆನೆ ಹಂದಿಗಳು ಸಾಮಾನ್ಯವಾಗಿ ತಿನ್ನುವುದಿಲ್ಲ, ನಿಜ. ಆದರೆ ತನ್ನ ದಾರಿಯಲ್ಲಿ ನಡೆಯುವ ಆನೆ ಗಿಡದ ವಾಸನೆಗೆ ಅಂಜಿ ಹಿಂದಿರುಗುವುದೂ ಇಲ್ಲ, ತುಳಿದುಕೊಂಡು ಹೋಗುತ್ತದೆ. ಬೆಳೆನಷ್ಟಕ್ಕೆ ಸಕಾಲದಲ್ಲಿ ಪರಿಹಾರ ಕೊಡಬೇಕಾದ ಸರ್ಕಾರದ ಹೊಣೆಯನ್ನು ‘ಬೆಳೆ ಬದಲಿಸಿ’ ಎಂಬ ಉಪದೇಶದಿಂದ ತೀರಿಸಲಾಗದು.

ಶ್ರೀಗಂಧ ಕಲಿಸಿದ ಪಾಠ

ಪರಿಮಳದ ವ್ಯಾಪಾರ ಈ ಸೀಮೆಗೆ ಹೊಸದಲ್ಲ. ಟಿಪ್ಪು ಸುಲ್ತಾನನು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಮೊದಲ ಮಹಾಯುದ್ಧದಿಂದ ಗಂಧದ ರಫ್ತು ನಿಂತಾಗ ಮೈಸೂರು ಸಂಸ್ಥಾನವು 1916ರಲ್ಲಿ ತಾನೇ ಗಂಧದೆಣ್ಣೆ ತೆಗೆಯಲಾರಂಭಿಸಿತು. ಆ ಎಣ್ಣೆ, ಆ ಸಾಬೂನು ಲೋಕಪ್ರಸಿದ್ಧವಾದವು. ಆದರೆ ತನ್ನ ಹೊಲದಲ್ಲೇ ಹುಟ್ಟಿದ ಗಂಧದ ಗಿಡವೂ ರೈತನದಾಗಿರಲಿಲ್ಲ. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ಬರುವವರೆಗೂ ಅದು ಸರ್ಕಾರದ ಸ್ವತ್ತು. ತನ್ನದಲ್ಲದ, ತೊಂದರೆಯನ್ನಷ್ಟೇ ತರುವ ಸಸಿಯನ್ನು ಯಾವ ರೈತ ಸಾಕುತ್ತಾನೆ? ಅತ್ತ ಕಾಡಿನ ಗಂಧವನ್ನು ಕಳ್ಳಸಾಗಣೆ ನುಂಗಿತು. ವೀರಪ್ಪನ್ ಬೇಟೆಯ ವರ್ಷಗಳಲ್ಲಿ ಗಂಧದ ಲಾಭ ಕಾಣದ ಬೆಟ್ಟದ ಜನ ಅನುಮಾನಕ್ಕೂ ಹಿಂಸೆಗೂ ಗುರಿಯಾದರು. ಅವರ ದೂರುಗಳನ್ನು ಕೇಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಬೇಕಾಯಿತು. ಗಿಡದ ಬಳಿ ಬದುಕುವವನಿಗೆ ಹಕ್ಕಿಲ್ಲದಿದ್ದರೆ ಗಿಡವೂ ಉಳಿಯುವುದಿಲ್ಲ, ಅವನಿಗೆ ನೆಮ್ಮದಿಯೂ ಇರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅಳಿಯುತ್ತಿರುವ ಮಾಗಳಿ

ಅದೇ ತಪ್ಪು ಇಂದು ಮಾಗಳಿ ಬೇರಿನ ವಿಷಯದಲ್ಲಿ ನಡೆಯುತ್ತಿದೆ. ಮಾಕಳಿ ಎಂದೂ ಕರೆಯುವ ಈ ಬಳ್ಳಿ ದಕ್ಷಿಣ ಭಾರತದ ಒಣ ಕಲ್ಲುಗುಡ್ಡಗಳದ್ದು. ಮುರಿದರೆ ಹಾಲು ಸುರಿಯುತ್ತದೆ, ಬೀಜಕ್ಕೆ ರೇಷ್ಮೆಯಂಥ ಕೂದಲಿರುತ್ತದೆ. ಮೈಸೂರು ಸೀಮೆಯ ಮನೆಗಳಲ್ಲಿ ಇದರ ಬೇರಿನ ನಡುವಣ ನಾರು ತೆಗೆದು, ಹೆಚ್ಚಿ, ಮಜ್ಜಿಗೆ, ಸಾಸಿವೆ, ಮೆಣಸಿನಕಾಯಿ ಬೆರೆಸಿ ಉಪ್ಪಿನಕಾಯಿ ಹಾಕುತ್ತಾರೆ. ಆ ಪರಿಮಳಕ್ಕೆ ಕಾರಣವಾದ ವಸ್ತು ವೆನಿಲಾದ ವೆನಿಲಿನ್‌ಗೆ ದಾಯಾದಿ. ಅವೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ. ವೆನಿಲಾವನ್ನು ಕಡಲಾಚೆಯಿಂದ ತಂದು ಕೈಸುಟ್ಟುಕೊಂಡ ನಾಡಿನಲ್ಲಿ ಅದರ ದಾಯಾದಿ ನಮ್ಮ ಗುಡ್ಡದಲ್ಲೇ ಇತ್ತು!

ಈಗ ಈ ಗಿಡವನ್ನು ಅಪಾಯದಲ್ಲಿರುವ ಸಸ್ಯಗಳ ಜಾಗತಿಕ ಪಟ್ಟಿಯಲ್ಲಿ ಸೇರಿಸಲಾಗಿದೆ. ಬೇರನ್ನು ಪೂರ್ತಿ ಅಗೆದರೆ ಬಳ್ಳಿ ಸಾಯುತ್ತದೆ. ಉಪ್ಪಿನಕಾಯಿಗಷ್ಟೇ ಅಲ್ಲ, ಸೊಗದೆ ಬೇರಿಗೆ ಬದಲಿಯಾಗಿ ಔಷಧ ತಯಾರಿಕೆಗೂ ಇದನ್ನು ಕೊಳ್ಳುತ್ತಾರೆ. ಅಗೆದವರು ಬಡ ಸೋಲಿಗರು, ಆದ್ದರಿಂದ ತಪ್ಪೆಲ್ಲ ಅವರದೆಂದು ಹೇಳುವ ಪರಿಸರವಾದಿಗಳಿದ್ದಾರೆ. ಅವರಿಗೆ ನನ್ನ ಪ್ರಶ್ನೆ ಇಷ್ಟೆ: ಕೊಂಡವರು ಯಾರು? ಒಂದೆರಡು ಬೇರು ತೆಗೆದು, ಉಳಿದುದಕ್ಕೆ ಮಣ್ಣು ಮುಚ್ಚಿ, ಮತ್ತೆ ಬೆಳೆಯಲು ಬಿಡಬೇಕಾದರೆ ಮುಂದಿನ ವರ್ಷವೂ ಆ ಬಳ್ಳಿ ತನ್ನದೇ ಎಂಬ ಭರವಸೆ ಬೇಡವೆ? ಆ ಭರವಸೆಯನ್ನು ಕಿತ್ತುಕೊಂಡವರು ಯಾರು?

ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯ ನಂತರ, ಆ ದಶಕದ ಮಧ್ಯಭಾಗದಲ್ಲಿ, ಈ ಅಭಯಾರಣ್ಯದಿಂದ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದನ್ನು ನಿಷೇಧಿಸಲಾಯಿತು. ಬೇರು ಅಗೆಯುವುದಕ್ಕೂ ಜೇನು, ನೆಲ್ಲಿ, ಪಾಚಿ ತರುವುದಕ್ಕೂ ಭೇದವೆಣಿಸಲಿಲ್ಲ. ಸೋಲಿಗರ ತರಗು ಬೆಂಕಿಯ ಪದ್ಧತಿ ಅದಕ್ಕೂ ಹಿಂದೆಯೇ ನಿಂತಿತ್ತು. ಹೀಗೆ ಜನರನ್ನು ದೂರವಿಟ್ಟುದರಿಂದ ಕಾಡು ಉದ್ಧಾರವಾಯಿತೆ? ಸಂಶೋಧಕರು 1997ರಲ್ಲಿ ಗುರುತಿಸಿದ ಮಾದರಿ ತಾಣಗಳ ಪೈಕಿ ಶೇ. 41ರಲ್ಲಿ ಲಾಂಟಾನ ಇತ್ತು. 2008ರಲ್ಲಿ ಅದು ಶೇ. 81ಕ್ಕೆ ಏರಿತ್ತು. ಅದೂ ಒಂದು ಕಾಲದಲ್ಲಿ ಅಲಂಕಾರಕ್ಕೆಂದು ತಂದ ಪರದೇಶದ ಗಿಡವೇ.

2011ರ ಜನವರಿಯಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿಯ 25 ಗ್ರಾಮಸಭೆಗಳ ಸಮುದಾಯ ಹಕ್ಕನ್ನು ಮಾನ್ಯ ಮಾಡಲಾಯಿತು. ಆ ಕಾಯ್ದೆಯ ವ್ಯಾಖ್ಯಾನದಲ್ಲಿ ಔಷಧ ಸಸ್ಯ, ಬೇರು, ಗೆಡ್ಡೆ ಎಂಬ ಮಾತುಗಳು ಸ್ಪಷ್ಟವಾಗಿವೆ. ಕಾಡನ್ನು ಕಾಯುವ ಅಧಿಕಾರವನ್ನೂ ಅದು ಗ್ರಾಮಸಭೆಗೇ ಕೊಟ್ಟಿದೆ. ಹಕ್ಕುಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಿದರೆ ಸಾಲದು, ಅದನ್ನು ಬಳಸಬೇಕು.

ಆಗಬೇಕಾದುದು

1. ರೋಸ್‌ಮೇರಿ, ಮರುಗ, ಲಾವಂಚಗಳನ್ನು ಬದುವಿನಲ್ಲಿಯೂ ಅಂಗಳದಲ್ಲಿಯೂ ಬೆಳೆಯೋಣ. ಮೊದಲು ಮನೆಗೆ, ಮಿಕ್ಕಿದ್ದು ಒಣಗಿಸಿ ಸಂತೆಗೆ. ರಾಗಿ, ಅವರೆ, ಸಾಸಿವೆಯ ಹೊಲ ಹಾಗೆಯೇ ಇರಲಿ.

2. ಸುಗಂಧ ಬೆಳೆಯ ಯಾವ ಒಪ್ಪಂದಕ್ಕೂ ಒಬ್ಬೊಬ್ಬರೇ ಸಹಿ ಮಾಡಬಾರದು. ಒಪ್ಪಂದವನ್ನು ಕನ್ನಡದಲ್ಲಿ ಬರೆಸಿ, ಗ್ರಾಮಸಭೆಯಲ್ಲಿ ಓದಿಸಿ, ಕೊಳ್ಳದಿದ್ದರೆ ಪರಿಹಾರವೆಷ್ಟೆಂಬುದನ್ನು ಮೊದಲೇ ನಮೂದಿಸಬೇಕು.

3. ಬಟ್ಟಿಯಂತ್ರ ಬೇಕೆನ್ನುವವರು ಕಡಿದ ಲಾಂಟಾನವನ್ನೂ ಬಟ್ಟಿ ಮುಗಿದ ಒಣ ಸೊಪ್ಪನ್ನೂ ಉರಿಸಿ ನಡೆಸಲಿ. ಕಾಡಿನ ಸೌದೆಯಿಂದ ಬೇಡ.

4. ಮಾಗಳಿ ಬೀಜವನ್ನು ಸಂಗ್ರಹಿಸಿ ಪ್ರತಿ ಪೋಡಿನಲ್ಲೂ ಸಸಿಮಡಿ ಮಾಡಬೇಕು. ಬಳ್ಳಿ ಚೇತರಿಸಿಕೊಳ್ಳುವವರೆಗೆ ಕಾಡಿನಲ್ಲಿ ಅಗೆಯುವುದನ್ನು ಗ್ರಾಮಸಭೆಯೇ ನಿಲ್ಲಿಸಿ, ನಂತರದ ನಿಯಮವನ್ನೂ ತಾನೇ ಬರೆಯಬೇಕು. ಅರಣ್ಯ ಇಲಾಖೆ ಅದಕ್ಕೆ ನೆರವಾಗಲಿ, ಅಡ್ಡಿಯಾಗದಿರಲಿ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಈ ಬಾರಿಯ ರಜೆಯಲ್ಲಿ ನಿಮ್ಮ ಅಜ್ಜಿಯ ಬಳಿ ಕುಳಿತು ಅವರು ಬಲ್ಲ ಪರಿಮಳದ ಗಿಡಗಳ ಹೆಸರನ್ನೂ ಉಪಯೋಗವನ್ನೂ ಬರೆದುಕೊಳ್ಳಿ. ಪ್ರತಿ ಹೆಸರಿನ ಮುಂದೆ ಆ ಗಿಡ ಈಗ ಎಲ್ಲಿ ಸಿಗುತ್ತದೆ ಎಂಬುದನ್ನೂ ಬರೆಯಿರಿ. ‘ಈಗ ಸಿಗುವುದಿಲ್ಲ’ ಎಂದು ಬರೆಯಬೇಕಾದ ಗಿಡಗಳ ಪಟ್ಟಿಯನ್ನು ಮುಂದಿನ ಗ್ರಾಮಸಭೆಗೆ ತನ್ನಿರಿ. ನಮ್ಮ ಕೆಲಸ ಅಲ್ಲಿಂದ ಆರಂಭವಾಗಲಿ.