ನಿಮ್ಮ ನೆಲವೇ ನಮ್ಮ ಸೂರು, ಸ್ವಾಮಿ

"ಅಷ್ಟೊಂದು ತೊಂದರೆ ಆದ್ರೆ ಅಂಕಲ್ ಕಿವಿಗೆ ಹತ್ತಿ ಇಟ್ಕೊಳ್ಳಲಿ ಆಂಟಿ."

ಹೃದಯದ ಆಪರೇಷನ್ ಮುಗಿಸಿಕೊಂಡು ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದ ಹಿರಿಯರೊಬ್ಬರ ಹೆಂಡತಿಗೆ ಮೇಲಿನ ಮನೆಯ ಯುವಕ ಕೊಟ್ಟ ಉತ್ತರ ಇದು. ರಾತ್ರಿ ಹನ್ನೆರಡು ದಾಟಿತ್ತು. ಹುಟ್ಟುಹಬ್ಬದ ಪಾರ್ಟಿಯ ವೂಫರಿಗೆ ಕೆಳಗಿನ ಮನೆಯ ಕಿಟಕಿ ಗಾಜು ಅದುರುತ್ತಿತ್ತು. ಆಯಮ್ಮ ಕೈಮುಗಿದು ಕೇಳಿದರು. ಜೊತೆಗೆ ಹೋಗಿದ್ದ ನನ್ನನ್ನು ನೋಡಿ ಆತ ಇನ್ನೊಂದು ಮಾತು ಸೇರಿಸಿದ: "ಒಂದೂಕಾಲು ಕೋಟಿ ಕೊಟ್ಟು ತಗೊಂಡಿದ್ದೀನಿ ಸಾರ್. ನಮ್ಮನೇಲಿ ನಾವು ಹಾಡು ಹಾಕ್ಕೋಬಾರದಾ?"

ಹತ್ತಿಯ ಮಾತನ್ನು ಬೇಕಿದ್ದರೆ ಕುಡಿದವನ ಮಾತೆಂದು ಮರೆಯಬಹುದು. ಎರಡನೆಯದನ್ನು ಮರೆಯಲಾರೆ. ಯಾಕೆಂದರೆ ಅದನ್ನು ಕುಡಿಯದವರೂ ಆಡುತ್ತಾರೆ, ಹಗಲಲ್ಲೇ ಆಡುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇರುವ ನಿಮಗೆ ಇದನ್ನು ಹೊಸದಾಗಿ ಹೇಳಬೇಕೇ? ಭಾನುವಾರ ಬೆಳಿಗ್ಗೆ ಏಳಕ್ಕೇ ಶುರುವಾಗುವ ಡ್ರಿಲ್ಲು, ಇಂಟೀರಿಯರ್ ಕೆಲಸದ ನೆಪದಲ್ಲಿ ತಿಂಗಳುಗಟ್ಟಲೆ ಕಿರುಚುವ ಟೈಲ್ಸ್ ಕಟರು, ನಡುರಾತ್ರಿ ಕರ್ರನೆ ಎಳೆಯುವ ಡೈನಿಂಗ್ ಟೇಬಲ್ ಕುರ್ಚಿ, ಬಾಲ್ಕನಿಯಲ್ಲಿ ನಾಯಿ ಕಟ್ಟಿ ಮದುವೆಗೆ ಹೋದವರು. ಕೇಳಲು ಹೋದರೆ ಎಲ್ಲರದೂ ಒಂದೇ ಪಲ್ಲವಿ: ನಮ್ಮ ಮನೆ, ನಮ್ಮ ಇಷ್ಟ.

ಸದ್ದೇ ಬೇಡ ಎನ್ನುವ ಹಠ ನನ್ನದಲ್ಲ. ಮಗು ಅತ್ತರೆ ಅಳಲಿ. ಬೆಳಗಿನ ಚಟ್ನಿಗೆ ಮಿಕ್ಸಿ ತಿರುಗಲಿ, ಕುಕ್ಕರ್ ಕೂಗಲಿ. (ಪಕ್ಕದ ಮನೆಯ ಕುಕ್ಕರ್ ಕೂಗಿದ ಮೇಲೇ ನಮ್ಮ ಮನೆಯಲ್ಲಿ ಅಕ್ಕಿ ತೊಳೆಯುವುದು.) ಬದುಕಿನ ಸದ್ದಿಗೆ ಯಾರೂ ದೂರು ಕೊಡುವುದಿಲ್ಲ. ಕ್ಷಮಿಸಲಾಗದ್ದು, ದುಡ್ಡು ಕೊಟ್ಟಿದ್ದೇನೆ ಎಂಬ ಆ ದರ್ಪ.

ಕೊಟ್ಟಿರಬಹುದು, ಏನನ್ನು ಕೊಂಡಿರಿ? ಕ್ರಯಪತ್ರ ತೆಗೆದು ಓದಿ. ನೆಲದಲ್ಲಿ ನಿಮಗಿರುವುದು ಅವಿಭಜಿತ ಪಾಲು ಮಾತ್ರ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆಗಳನ್ನು ಎಲ್ಲರಿಗೂ ಸೇರಿದ ಸಾಮಾನ್ಯ ಭಾಗಗಳೆಂದೇ ಎಣಿಸುತ್ತದೆ. ನೀವು ಡ್ರಿಲ್ ಇಟ್ಟಿರುವ ಆ ಕಂಬದಲ್ಲಿ ಕೆಳಗೆ ಮಲಗಿರುವ ಮುದುಕರಿಗೂ ಪಾಲಿದೆ! ನಮ್ಮ ಕಟ್ಟಡಗಳಲ್ಲಿ ಸ್ಲ್ಯಾಬಿನ ಮೇಲೆ ಗಾರೆ ಹಾಕಿ ನೇರವಾಗಿ ಟೈಲ್ಸ್ ಕೂರಿಸುತ್ತಾರೆ. ಪೆಟ್ಟು ಹೀರಿಕೊಳ್ಳುವ ಪದರ ನಡುವೆ ಇರುವುದೇ ಅಪರೂಪ. ಹಾಗಾಗಿ ಮೇಲಿನವರ ಪಾಲಿಗೆ ನೆಲವಾದದ್ದು ಕೆಳಗಿನವರ ಪಾಲಿಗೆ ತಮಟೆ. "ನಮಗೇನೂ ಕೇಳಿಸ್ತಿಲ್ಲವಲ್ಲ" ಎನ್ನುತ್ತೀರಿ. ಕೇಳಿಸುವುದಿಲ್ಲ ನಿಜ, ಪೆಟ್ಟಿನ ಸದ್ದು ಕೆಳಕ್ಕೆ ಇಳಿಯುತ್ತದೆ. ಕೆಳಗೆ ಬಂದು ಹತ್ತು ನಿಮಿಷ ಕೂತು ನೋಡಿ, ಕಾಫಿ ನಾನೇ ಕೊಡಿಸುತ್ತೇನೆ.

ಕಾನೂನು ಇಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಎಂದು ಗೆರೆ ಎಳೆದಿವೆ. ಆ ಹೊತ್ತಿನಲ್ಲಿ ಸದ್ದು ಮಾಡುವ ಕಟ್ಟಡ ಕೆಲಸದ ಯಂತ್ರಗಳನ್ನು ಓಡಿಸುವಂತೆಯೇ ಇಲ್ಲ. 2005ರ ಜುಲೈನಲ್ಲಿ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇನ್ನೂ ಸ್ಪಷ್ಟವಾಗಿ ಹೇಳಿತು: ನಿಮ್ಮ ಮನೆಯೊಳಗೇ ಆದರೂ, ಹೊರಗೆ ದಾಟಿ ನೆರೆಯವರನ್ನು ಕಾಡುವ ಸದ್ದು ಮಾಡುವ ಹಕ್ಕು ಯಾರಿಗೂ ಇಲ್ಲ. ಒಂದೂಕಾಲು ಕೋಟಿ ಕೊಟ್ಟವರಿಗೆ ವಿನಾಯಿತಿ ಎಂದೇನೂ ಅದರಲ್ಲಿ ಬರೆದಿಲ್ಲ.

ಹಾಗಿದ್ದೂ ಏನಾಗುತ್ತದೆ? ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಸದ್ದಿನ ಬಗ್ಗೆ ಬರೆದರೆ ಇಬ್ಬರು ಕೈಮುಗಿದ ಚಿತ್ರ ಹಾಕುತ್ತಾರೆ, ಮೂರನೆಯವರು ಶುಭೋದಯದ ಹೂವು. ಬರೆದವರಿಗೆ ಕಿರಿಕಿರಿ ಪಾರ್ಟಿ ಎಂಬ ಬಿರುದು. ಆಮೇಲೆ ಇಂಟರ್‌ಕಾಮಿನಲ್ಲಿ ಸೆಕ್ಯೂರಿಟಿಯವನಿಗೆ ಹೇಳಿ ಕೈತೊಳೆದುಕೊಳ್ಳುವುದು. ಎಲ್ಲಿಂದಲೋ ಹೊಟ್ಟೆಪಾಡಿಗೆ ಬಂದ ಆ ಹುಡುಗ ಮೇಲೆ ಹೋಗಿ ಬೆಲ್ ಮಾಡಿ ಬೈಸಿಕೊಂಡು ಬರಬೇಕು. ಅವನ ಸಂಬಳಕ್ಕೆ ನಿಮ್ಮ ಮರ್ಯಾದೆ ಕಾಯುವ ಕೆಲಸವೂ ಸೇರಿದೆಯೇ? ಸುಮ್ಮನಿರುವ ನಿಮ್ಮ ಮೇಲೂ ನನಗೆ ಸಿಟ್ಟಿದೆ. ಇವತ್ತು ಬೇರೆಯವರ ತಲೆಯ ಮೇಲೆ ಕುಣಿಯುತ್ತಿದ್ದಾರೆ ಎಂದು ನೀವು ಬಾಗಿಲು ಹಾಕಿಕೊಂಡಿರಿ.

ಹಳೆಯ ವಠಾರಗಳಲ್ಲಿ ಶಾಂತಿ ತುಂಬಿ ತುಳುಕುತ್ತಿತ್ತು ಎಂದು ನಾನು ಹೇಳಲಾರೆ. ನಲ್ಲಿ ನೀರಿಗೆ ಜುಟ್ಟು ಹಿಡಿದುಕೊಂಡದ್ದೂ ಉಂಟು. ಆದರೆ ಗೋಡೆ ಎರಡು ಮನೆಗೆ ಸೇರಿದ್ದೆಂದು ಅಲ್ಲಿನ ಮಕ್ಕಳಿಗೂ ಗೊತ್ತಿತ್ತು. ಪಕ್ಕದ ಮನೆಯಲ್ಲಿ ಬಾಣಂತಿ ಇದ್ದರೆ ರೇಡಿಯೋ ತಾನಾಗಿ ತಗ್ಗುತ್ತಿತ್ತು. ಈಗ ಪಕ್ಕದ ಮನೆಯಲ್ಲಿ ಯಾರಿದ್ದಾರೆಂದೇ ಗೊತ್ತಿಲ್ಲ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವ ನರ್ಸ್ ಇದ್ದಾಳೋ, ಪಿಯುಸಿ ಪರೀಕ್ಷೆಗೆ ಕೂತ ಹುಡುಗ ಇದ್ದಾನೋ, ಒಮ್ಮೆ ವಿಚಾರಿಸಿದ್ದೀರಾ?

ನಾನು ಕೇಳುವುದು ದೊಡ್ಡದೇನಲ್ಲ. ಕುರ್ಚಿ ಕಾಲಿಗೆ ರಬ್ಬರ್ ಬುಶ್ ಹಾಕಿ. ವೂಫರನ್ನು ನೆಲದಿಂದ ಎತ್ತಿಡಿ, ಹತ್ತು ಗಂಟೆಗೆ ಆರಿಸಿ. ಒಡೆಯುವ ಕೊರೆಯುವ ಕೆಲಸವಿದ್ದರೆ ಮೇಲೆ ಕೆಳಗಿನವರಿಗೆ ಮುಂಚೆಯೇ ತಿಳಿಸಿ, ಮಧ್ಯಾಹ್ನ ಒಂದಿಷ್ಟು ಹೊತ್ತು ನಿಲ್ಲಿಸಿ. ಹೇಳಿದರೂ ಕೇಳದವರ ವಿಷಯದಲ್ಲಿ 112ಕ್ಕೆ ಫೋನ್ ಮಾಡಲು ಹಿಂಜರಿಯಬೇಡಿ. ಪೊಲೀಸರ ಹೊಯ್ಸಳ ಗಾಡಿ ಗೇಟಿಗೆ ಬಂದರೆ ಅಪಾರ್ಟ್‌ಮೆಂಟಿನ ಹೆಸರು ಕೆಡುತ್ತದೆ ಎಂದು ಹೆದರುತ್ತೀರಿ. ರೋಗಿಯೊಬ್ಬರು ರಾತ್ರಿಯಿಡೀ ಎದೆ ಹಿಡಿದು ಕೂತಾಗ ಕೆಡದ ಹೆಸರು ಅದ್ಯಾವುದು?

ಮುಂದಿನ ಜನರಲ್ ಬಾಡಿ ಮೀಟಿಂಗಿನಲ್ಲಿ ಕ್ಲಬ್ ಹೌಸಿನ ಬಣ್ಣಕ್ಕೂ ವಿಸಿಟರ್ ಪಾರ್ಕಿಂಗಿಗೂ ಗಂಟೆಗಟ್ಟಲೆ ಜಗಳವಾಡುವ ಮೊದಲು ಈ ವಿಷಯ ಎತ್ತಿ. ಒಬ್ಬರು ಎದ್ದು ನಿಂತರೆ ಪಕ್ಕದಲ್ಲಿ ನೀವೂ ಎದ್ದು ನಿಲ್ಲಿ, ದಮ್ಮಯ್ಯ ಅಂತೀನಿ. ಬಾಡಿಗೆಯವರನ್ನು ಆ ಸಭೆಗೆ ಸಾಮಾನ್ಯವಾಗಿ ಬಿಟ್ಟುಕೊಳ್ಳುವುದಿಲ್ಲ. ಅವರ ನಿದ್ದೆಯ ಪರವಾಗಿಯೂ ನೀವೇ ಮಾತಾಡಬೇಕು.